ಒಸಡು ಹಲ್ಲಿನ ಮೇಲೆ ಹತ್ತಿ ಬರ್ತಿದ್ಯಾ? ಪೇಸ್ಟ್ ಬದಲಾಯಿಸೋ ಮುಂಚೆ ಮಾತ್ರೆ ಶೀಟು ತಿರುಗಿಸಿ ನೋಡಿ

ಮೆಡಿಕಲ್ ಶಾಪಿನಲ್ಲಿ ಕೂತವನಿಗೆ ಕೆಲವು ಬಿಲ್ಲುಗಳು ಅನುಮಾನ ಹುಟ್ಟಿಸುತ್ತವೆ. ಮೇಲೆ ಒಂದು ತಿಂಗಳ ಬಿಪಿ ಮಾತ್ರೆ, ಅದರ ಕೆಳಗೆ ಒಸಡಿಗೆ ಹಚ್ಚುವ ಗಮ್ ಪೇಂಟ್. ಮುಂದಿನ ತಿಂಗಳು ಅದೇ ಮಾತ್ರೆ, ಬೇರೆ ಕಂಪನಿಯ ಗಮ್ ಪೇಂಟ್. ಮೂರನೇ ತಿಂಗಳು ಅದೇ ಮಾತ್ರೆ, ದುಬಾರಿ ಟೂತ್‌ಪೇಸ್ಟ್.

ಅಂಥ ಒಂದು ಬಿಲ್ಲಿನ ಅಜ್ಜಿ ಒಂದು ಸಂಜೆ ಕೌಂಟರಿಗೆ ಒರಗಿಕೊಂಡು, "ಏನಪ್ಪಾ, ನೀನ್ ಕೊಟ್ಟಿದ್ದು ಒಂದೂ ಹಿಡೀಲಿಲ್ಲ. ನೋಡಿಲ್ಲಿ, ಒಸಡು ಹಲ್ಲಿನ್ ಮೇಲೇ ಹತ್ಕೊಂಡ್ ಬರ್ತಾ ಐತೆ" ಅಂತ ಮೇಲ್ದುಟಿ ಎತ್ತಿ ತೋರಿಸಿದರು. ಮುಂದಿನ ಆರು ಹಲ್ಲು. ಎರಡೆರಡು ಹಲ್ಲಿನ ನಡುವೆ ಅವರೆಕಾಳಿನಷ್ಟು ದಪ್ಪ ಗುಬುಟು, ನಸುಗೆಂಪು, ಗಟ್ಟಿ. ಹಲ್ಲು ಅರ್ಧ ಮುಚ್ಚಿಹೋಗಿತ್ತು. ಪಕ್ಕದಲ್ಲಿ ಒಂದು ಹಲ್ಲು ಕಿತ್ತಿಸಿದ ಜಾಗ ಇತ್ತು, ಅಲ್ಲಿ ಮಾತ್ರ ಒಸಡು ಅಂಗೈಯಂತೆ ಸಮವಾಗಿತ್ತು. "ನೋವಿದ್ಯಾ ಅಜ್ಜಿ?" ಅಂದೆ. "ನೋವಿದ್ದಿದ್ರೆ ಯಾವಾಗ್ಲೋ ಡಾಕ್ಟ್ರ ಹತ್ರ ಹೋಗ್ತಿದ್ನಲ್ಲಪ್ಪಾ" ಅಂದರು.

ಈ ತೊಂದರೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದು ಹೀಗೆಯೇ. ಬಿಪಿಗೆ ಬರೆಯುವ ಡಾಕ್ಟರು ಬಾಯಿ ತೆಗೆಸಿ ನೋಡುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಲ ಯಾರೂ ಒಯ್ಯುವುದಿಲ್ಲ. ಎರಡೂ ಒಟ್ಟಿಗೆ ಕಾಣುವುದು ನಮ್ಮ ಬಿಲ್ಲಿನಲ್ಲಿ ಮಾತ್ರ. ಹಾಗಾಗಿ ಮನೆಯಲ್ಲೇ ಪುಕ್ಕಟೆ ಮಾಡಬಹುದಾದ ಪರೀಕ್ಷೆಯಿಂದ ಶುರುಮಾಡಿ ಆಸ್ಪತ್ರೆ ಕೆಲಸದವರೆಗೆ ಬರೆದಿದ್ದೇನೆ.

ಓದುವ ಮುಂಚೆ ಒಂದು ಮಾತು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ, ದಿನ ಬಿಟ್ಟು ದಿನ ಮಾಡಬೇಡಿ. ಫಿಟ್ಸ್ ಮಾತ್ರೆ ಥಟ್ಟನೆ ನಿಂತರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಕಸಿ ಮಾಡಿದ ಕಿಡ್ನಿಯವರು ಮಾತ್ರೆ ಬಿಟ್ಟರೆ ದೇಹ ಆ ಕಿಡ್ನಿಯನ್ನೇ ತಿರಸ್ಕರಿಸಬಹುದು. ಬಿಪಿ ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಪಾರ್ಶ್ವವಾಯು ಹೊಡೆದವರ ಮನೆಯವರನ್ನು ಕೇಳಿ. ಒಸಡು ಕಾಯುತ್ತದೆ, ಇವು ಕಾಯುವುದಿಲ್ಲ.

"ಹಲ್ಲಿನ ಸಂದಿಯಲ್ಲಿ ಒಸಡು ಉಬ್ಬಿದೆ, ಆದರೆ ನೋವಿಲ್ಲ"

ಕಿಟಕಿ ಬೆಳಕಿಗೆ ಕನ್ನಡಿ ಹಿಡಿದು ನಿಲ್ಲಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ನೋಡಬೇಕಾದದ್ದು ಮೂರು. ಉಬ್ಬು ಶುರುವಾಗಿರುವುದು ಎರಡು ಹಲ್ಲಿನ ನಡುವಿನ ತ್ರಿಕೋನದಲ್ಲೇ? ಮುಂದಿನ ಹಲ್ಲುಗಳ ಕಡೆ, ಅದರಲ್ಲೂ ತುಟಿಯ ಬದಿಯಲ್ಲಿ ಹೆಚ್ಚೇ? ಹಲ್ಲಿಲ್ಲದ ಜಾಗದಲ್ಲಿ ಒಸಡು ಸಮವಾಗಿದೆಯೇ? ಮೂರಕ್ಕೂ ಹೌದು ಎಂದಾದರೆ ಅನುಮಾನ ಮಾತ್ರೆಯ ಮೇಲೆ.

ಆಮೇಲೆ ಕ್ಯಾಲೆಂಡರು. ಈ ಬೆಳವಣಿಗೆ ಸಾಮಾನ್ಯವಾಗಿ ಮಾತ್ರೆ ಶುರುವಾದ ಒಂದರಿಂದ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಡೋಸ್ ಏರಿಸಿದ ಮೇಲೆ ಶುರುವಾಗುವುದೂ ಉಂಟು. "ಯುಗಾದಿಗೆ ಮಾತ್ರೆ ಶುರುವಾಯ್ತು, ಕಾರ ಹುಣ್ಣಿಮೆ ಹೊತ್ತಿಗೆ ಒಸಡು ದಪ್ಪ ಅನಿಸ್ತು" ಅನ್ನುವಂಥ ನೆನಪು ಸಿಕ್ಕರೆ ಡಾಕ್ಟರಿಗೆ ಅದೇ ಅರ್ಧ ಉತ್ತರ. ಹತ್ತು ವರ್ಷದಿಂದ ಒಂದೇ ಮಾತ್ರೆ, ಒಂದೇ ಡೋಸ್, ಒಸಡು ಮಾತ್ರ ಹೋದ ವಾರ ಊದಿತು ಎಂದಾದರೆ ಬೇರೆ ಕಾರಣ ಹುಡುಕಬೇಕು.

ಮಾತ್ರೆಗೂ ಒಸಡಿಗೂ ಎತ್ತಣ ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಒಸಡಿನಲ್ಲಿ ಕೊಲಾಜೆನ್ ಎಂಬ ನಾರು ದಿನಾ ಕಟ್ಟುತ್ತಿರುತ್ತದೆ, ಹಳೆಯದು ಕರಗುತ್ತಿರುತ್ತದೆ. ಈ ಮಾತ್ರೆಗಳು ಒಸಡಿನ ಕೋಶದೊಳಗೆ ಕ್ಯಾಲ್ಸಿಯಂ ಹೋಗುವುದನ್ನು ಕಡಿಮೆ ಮಾಡುತ್ತವೆ, ಅದರ ಜೊತೆಗೆ ಫೋಲಿಕ್ ಆಸಿಡ್ ಹೀರುವುದೂ ತಗ್ಗುತ್ತದೆ, ಕೊನೆಗೆ ನಾರು ಕರಗಿಸುವ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಕಟ್ಟುವ ಮೇಸ್ತ್ರಿ ದಿನಾ ಬರುತ್ತಾನೆ, ಒಡೆಯುವ ಆಳು ಮಾತ್ರ ರಜಾ ಹಾಕಿದ್ದಾನೆ. ಗೋಡೆ ಏರದೆ ಇನ್ನೇನಾಗುತ್ತದೆ? ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರ ಒಸಡಿನ ಕೋಶಗಳು ಹುಟ್ಟಿನಿಂದಲೇ ಇದಕ್ಕೆ ಬೇಗ ಒಲಿಯುತ್ತವೆ.

"ನಾನು ತಗೊಳ್ಳೋದು ಯಾವ ಮಾತ್ರೆ ಅಂತಾನೇ ಗೊತ್ತಿಲ್ಲ"

ಶೀಟಿನ ಹಿಂಬದಿ ತಿರುಗಿಸಿ. ದೊಡ್ಡ ಅಕ್ಷರದ್ದು ಕಂಪನಿ ಇಟ್ಟ ಹೆಸರು, ಅದು ನಮಗೆ ಬೇಡ. ಅದರ ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರದಲ್ಲಿ, ಕೊನೆಗೆ ಐ.ಪಿ. ಎಂದು ಬರೆದಿರುತ್ತದಲ್ಲ, ಅದು ಒಳಗಿನ ಔಷಧಿಯ ಹೆಸರು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ.

ಒಸಡು ಬೆಳೆಸುವವು ಮುಖ್ಯವಾಗಿ ಮೂರು ಗುಂಪು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ (ಎಪ್ಟಾಯಿನ್ ಹೆಸರಲ್ಲಿ ಹೆಚ್ಚು ಪರಿಚಿತ). ಅಂಗ ಕಸಿ ಮಾಡಿಸಿಕೊಂಡವರಿಗೆ, ಕೆಲವು ಚರ್ಮ ಮತ್ತು ಕಿಡ್ನಿ ಕಾಯಿಲೆಗಳಿಗೆ ಕೊಡುವ ಸೈಕ್ಲೋಸ್ಪೋರಿನ್. ಬಿಪಿ ಮತ್ತು ಎದೆನೋವಿಗೆ ಕೊಡುವ ಆಮ್ಲೋಡಿಪಿನ್, ನಿಫೆಡಿಪಿನ್, ಫೆಲೋಡಿಪಿನ್, ಡಿಲ್ಟಿಯಾಜೆಮ್, ವೆರಪಾಮಿಲ್.

ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸ್ವಲ್ಪವಾದರೂ ಒಸಡು ಬೆಳೆಯುತ್ತದೆ. ಸೈಕ್ಲೋಸ್ಪೋರಿನ್‌ನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ. ಆಮ್ಲೋಡಿಪಿನ್‌ನಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ ಮಾತ್ರ. ಹಾಗಿದ್ದೂ ನನ್ನ ಕೌಂಟರಿನಲ್ಲಿ ಹೆಚ್ಚು ಕಾಣುವುದು ಆಮ್ಲೋಡಿಪಿನ್‌ನವರೇ, ಯಾಕೆಂದರೆ ಊರಲ್ಲಿ ಅದನ್ನು ನುಂಗುವವರ ಸಂಖ್ಯೆಯೇ ಅಷ್ಟಿದೆ. ಹೊಸ ಸಂಗತಿಯೇನಲ್ಲ ಇದು. ಫೆನಿಟಾಯಿನ್ ಫಿಟ್ಸ್‌ಗೆ ಬಳಕೆಗೆ ಬಂದದ್ದು 1938ರಲ್ಲಿ, ಮರುವರ್ಷವೇ ಒಸಡಿನ ದೂರು ದಾಖಲಾಯಿತು. ಸೈಕ್ಲೋಸ್ಪೋರಿನ್‌ನದು 1983ರಲ್ಲಿ, ನಿಫೆಡಿಪಿನ್‌ನದು 1984ರಲ್ಲಿ ವರದಿಯಾಯಿತು.

ಎರಡು ಕಡೆ ಜನ ಎಡವುತ್ತಾರೆ. ಒಂದು, ಜೋಡಿ ಮಾತ್ರೆ. "ನಂದು ಟೆಲ್ಮಾ, ಆಮ್ಲೋಡಿಪಿನ್ ಅಲ್ಲ" ಅನ್ನುತ್ತಾರೆ. ಶೀಟು ನೋಡಿದರೆ ಟೆಲ್ಮಾ ಎಎಂ, ಅಂದರೆ ಟೆಲ್ಮಿಸಾರ್ಟಾನ್ ಜೊತೆ ಆಮ್ಲೋಡಿಪಿನ್. ಹೆಸರಿನ ಬಾಲದಲ್ಲಿ ಎ ಅಥವಾ ಎಎಂ ಕಂಡರೆ ಹಿಂಬದಿ ಓದಲೇಬೇಕು. ಇನ್ನೊಂದು, ಕತ್ತರಿಸಿದ ಶೀಟು. ಹತ್ತರಲ್ಲಿ ನಾಲ್ಕು ಮಾತ್ರೆ ಕೇಳಿದಾಗ ನಾವು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತೇವೆ, ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ತಪ್ಪು ನಮ್ಮದೇ. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಹೆಸರಿರುತ್ತದೆ.

ಕಂಪನಿ ಬದಲಾಯಿಸಿ ಪ್ರಯೋಜನವಿಲ್ಲ. ಜನೌಷಧಿಯದ್ದಾಗಲಿ ದುಬಾರಿ ಕಂಪನಿಯದ್ದಾಗಲಿ, ಒಳಗಿನ ಔಷಧಿ ಅದೇ ಇದ್ದರೆ ಒಸಡಿಗೆ ಎರಡೂ ಒಂದೇ. ಮೆಟ್‌ಫಾರ್ಮಿನ್, ಅಟೆನೊಲಾಲ್, ಟೆಲ್ಮಿಸಾರ್ಟಾನ್ ಇವು ಈ ಪಟ್ಟಿಯಲ್ಲಿಲ್ಲ. ಸುಮ್ಮನೆ ಅವುಗಳ ಮೇಲೆ ಗೂಬೆ ಕೂರಿಸಬೇಡಿ.

"ಹಲ್ಲುಜ್ಜಿದರೆ ರಕ್ತ, ಬಾಯಿ ವಾಸನೆ"

ಮಾತ್ರೆಯಿಂದ ಬೆಳೆದ ಒಸಡು ತನ್ನಷ್ಟಕ್ಕೆ ಗಟ್ಟಿ, ರಕ್ತ ಸುರಿಸುವ ಜಾತಿಯದಲ್ಲ. ಸೈಕ್ಲೋಸ್ಪೋರಿನ್‌ನದು ಸ್ವಲ್ಪ ಮೆತ್ತಗೆ, ಬೇಗ ರಕ್ತ ಬರುತ್ತದೆ. ಉಳಿದವರಲ್ಲಿ ಒಸಡು ಕೆಂಪಾಗಿ, ಹೊಳೆದು, ಮುಟ್ಟಿದರೆ ರಕ್ತ ಬಂದರೆ ಮಾತ್ರೆಯ ಜೊತೆಗೆ ಹಲ್ಲಿನ ಪಾಚಿಯೂ ಸೇರಿಕೊಂಡಿದೆ ಎಂದು ಅರ್ಥ. ಇದೊಂದು ಸುಳಿ. ಉಬ್ಬಿದ ಒಸಡಿನ ಅಡಿಯಲ್ಲಿ ಬ್ರಷ್ ಹೋಗುವುದಿಲ್ಲ, ಪಾಚಿ ಕೂರುತ್ತದೆ, ಪಾಚಿಯಿಂದ ಒಸಡು ಇನ್ನಷ್ಟು ಊದುತ್ತದೆ, ಊದಿದರೆ ಬ್ರಷ್ ಇನ್ನೂ ಹೋಗುವುದಿಲ್ಲ.

ನಮ್ಮ ಕೈಯಲ್ಲಿರುವುದು ಈ ಸುಳಿಯ ಪಾಚಿ ಭಾಗ ಮಾತ್ರ. ಆದ್ದರಿಂದ ಎರಡು ವಾರದ ಪರೀಕ್ಷೆ ಮಾಡಿ. ಅತಿ ಮೆತ್ತನೆ ಎಳೆಯ ಹೊಸ ಬ್ರಷ್. ರಾತ್ರಿ ಮಲಗುವ ಮುಂಚೆ ತಪ್ಪದೆ, ಅವಸರವಿಲ್ಲದೆ ಎರಡು ನಿಮಿಷ, ಎಳೆಗಳನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು. ಹಲ್ಲಿನ ಸಂದಿಗೆ ಹೋಗುವ ಪುಟ್ಟ ಬ್ರಷ್ ಸಿಗುತ್ತದೆ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುತ್ತದೆ. ಗಮ್ ಪೇಂಟಿಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿ ಅಂತ ನಾನು ಹೇಳುತ್ತೇನೆ. ವ್ಯಾಪಾರಕ್ಕೆ ನಷ್ಟ, ಇರಲಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದರೆ ಎರಡು ವಾರ ಬಳಸಬಹುದು, ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆಯ ನಂತರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ರುಚಿ ಕೆಡುತ್ತದೆ.

ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡುವುದು ದೊಡ್ಡ ತಪ್ಪು. ಅದಕ್ಕಿಂತ ದೊಡ್ಡದು ಇದ್ದಿಲು, ಇಟ್ಟಿಗೆ ಪುಡಿ, ನಶ್ಯ, ಕಡ್ಡಿಪುಡಿ ಹಾಕಿ ತಿಕ್ಕುವುದು. ಲವಂಗದ ಎಣ್ಣೆಯನ್ನು ಹಾಗೇ ಸುರಿದು ಒಸಡು ಸುಟ್ಟುಕೊಂಡವರೂ ನಮ್ಮಲ್ಲಿಗೆ ಬಂದಿದ್ದಾರೆ.

ಎರಡು ವಾರದ ನಂತರ ಮತ್ತೆ ಫೋಟೋ ತೆಗೆಯಿರಿ. ರಕ್ತ ನಿಂತು, ಉಬ್ಬು ಇಳಿದಿದ್ದರೆ ಪಾಚಿಯದೇ ದೊಡ್ಡ ಪಾಲು. ಒಮ್ಮೆ ಹಲ್ಲು ಕ್ಲೀನ್ ಮಾಡಿಸಿದರೆ ಬಹುಪಾಲು ಸಾಕು. ರಕ್ತ ನಿಂತು ಉಬ್ಬು ಹಾಗೇ ಗಟ್ಟಿಯಾಗಿ ಉಳಿದಿದ್ದರೆ ಉಳಿದದ್ದು ಮಾತ್ರೆಯ ಪಾಲು. ಎರಡೂ ಬದಲಾಗದಿದ್ದರೆ ಶುಗರ್ ಟೆಸ್ಟ್ ಮಾಡಿಸಿ, ಯಾಕೆಂದರೆ ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಒಸಡನ್ನು ವಾಸಿಯಾಗಲು ಬಿಡುವುದಿಲ್ಲ.

"ಹಲ್ಲು ಗಿಡ್ಡ ಆದಂತಿದೆ, ಅಗಿಯುವಾಗ ಒಸಡು ಕಚ್ಚಿಕೊಳ್ಳುತ್ತೆ, ಹಲ್ಲು ಜರುಗಿದೆ"

ಮನೆ ಮದ್ದಿನ ಹಂತ ಇಲ್ಲಿಗೆ ಮುಗಿಯಿತು. ಒಸಡು ಹಲ್ಲಿನ ಮೂರನೇ ಒಂದು ಭಾಗ ಮುಚ್ಚಿದೆ, ರೊಟ್ಟಿ ಅಗಿಯುವಾಗ ಅಡ್ಡ ಬರುತ್ತಿದೆ, ಮುಂದಿನ ಹಲ್ಲುಗಳ ನಡುವೆ ಹಿಂದೆ ಇಲ್ಲದ ಸಂದು ಬಿಟ್ಟಿದೆ ಎಂದರೆ ದಂತವೈದ್ಯರಲ್ಲಿಗೆ ಹೋಗಿ, ಸಾಧ್ಯವಾದರೆ ಒಸಡಿನ ತಜ್ಞರಲ್ಲಿಗೆ. ಖರ್ಚಿನ ಚಿಂತೆಯಿದ್ದರೆ ಹತ್ತಿರದ ದಂತ ಕಾಲೇಜು ಒಳ್ಳೆಯದು. ಬೆಂಗಳೂರಿನಲ್ಲಾದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ದಂತ ಕಾಲೇಜಿದೆ.

ಹೋಗುವಾಗ ಮಾತ್ರೆ ಚೀಲವನ್ನೇ ಒಯ್ಯಿರಿ, ಪಟ್ಟಿ ಬರೆಯುವ ಕಷ್ಟ ಬೇಡ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದರೆ ಬಾಯಿಬಿಟ್ಟು ಹೇಳಿ, ಆದರೆ ಹಿಂದಿನ ದಿನ ನೀವೇ ನಿಲ್ಲಿಸಿ ಹೋಗಬೇಡಿ. ಅವರು ಒಸಡಿನ ಆಳ ಅಳೆಯುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆದು ಮೂಳೆ ಸವೆದಿದೆಯೇ ನೋಡುತ್ತಾರೆ, ಗಾರೆ (ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಪಾಚಿ) ತೆಗೆಯುತ್ತಾರೆ. "ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ" ಎಂಬ ಭಯ ಊರ ತುಂಬ ಇದೆ. ಅಲ್ಲಾಡುವ ಹಲ್ಲನ್ನು ಗಾರೆ ಅಂಟಿಸಿಕೊಂಡು ಹಿಡಿದಿತ್ತು, ಅಷ್ಟೆ.

ಬಿಪಿಗೆ ಬರೆದವರಲ್ಲಿಗೆ ಹೋಗಿ ಕೇಳಬೇಕಾದ ಮಾತು ಒಂದೇ: "ಸಾರ್, ಒಸಡು ಬೆಳೀತಿದೆ, ಹಲ್ಲಿನ ಡಾಕ್ಟ್ರು ಆಮ್ಲೋಡಿಪಿನ್ ಇರಬಹುದು ಅಂದ್ರು, ಬೇರೆ ಗುಂಪಿನ ಮಾತ್ರೆ ನನಗೆ ಆಗುತ್ತಾ?" ದಂತವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ. ಪಾದವೂ ಊದುತ್ತಿದ್ದರೆ ಅದನ್ನೂ ಸೇರಿಸಿ ಹೇಳಿ. ಅದು ಅದೇ ಮಾತ್ರೆಯ ಇನ್ನೊಂದು ಪರಿಚಿತ ಅಡ್ಡಪರಿಣಾಮ. ಬದಲಿಸುವುದೋ, ಡೋಸ್ ಇಳಿಸುವುದೋ ಅವರ ತೀರ್ಮಾನ. ನಮ್ಮಂಥ ಅಂಗಡಿಯವರು ಕೌಂಟರಿನಲ್ಲೇ ಬದಲಿಸಿ ಕೊಡುವ ಹಾಗಿಲ್ಲ, ಕೊಟ್ಟರೆ ತೆಗೆದುಕೊಳ್ಳಬೇಡಿ.

"ಮಗುವಿಗೆ ಫಿಟ್ಸ್ ಮಾತ್ರೆ, ಒಸಡು ಹಲ್ಲನ್ನೇ ನುಂಗಿದೆ"

ಮಕ್ಕಳಲ್ಲಿ, ಹರೆಯದವರಲ್ಲಿ ಇದು ಜೋರು. ಹೊಸ ಹಲ್ಲು ದಪ್ಪ ಒಸಡಿನಡಿ ಸಿಕ್ಕಿ ತಡವಾಗಿ ಬರುವುದೂ ಉಂಟು. ಶಾಲೆಯಲ್ಲಿ ಮಗು ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರೆ ಅದೂ ಒಂದು ಲಕ್ಷಣವೇ.

ಇಲ್ಲಿ ಒಂದು ಒಳ್ಳೆಯ ಅಧ್ಯಯನ ನಮ್ಮ ದೇಶದ್ದೇ ಇದೆ. ದೆಹಲಿಯ ಏಮ್ಸ್ ವೈದ್ಯರು ಹೊಸದಾಗಿ ಫೆನಿಟಾಯಿನ್ ಶುರುಮಾಡಿದ 6ರಿಂದ 15 ವರ್ಷದ ಮಕ್ಕಳಲ್ಲಿ ಕೆಲವರಿಗೆ ದಿನಕ್ಕೆ 0.5 ಮಿಲಿಗ್ರಾಂ ಫೋಲಿಕ್ ಆಸಿಡ್, ಉಳಿದವರಿಗೆ ಬರೀ ಹುಸಿಮಾತ್ರೆ ಕೊಟ್ಟು ಆರು ತಿಂಗಳು ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹುಸಿಮಾತ್ರೆಯವರಲ್ಲಿ ನೂರಕ್ಕೆ 88 ಮಕ್ಕಳಿಗೆ ಒಸಡು ಬೆಳೆಯಿತು, ಫೋಲಿಕ್ ಆಸಿಡ್‌ನವರಲ್ಲಿ 21 ಮಕ್ಕಳಿಗೆ. ಆದರೆ ಇದು ತಡೆಯುವ ಮಾತು, ಬೆಳೆದದ್ದನ್ನು ಕರಗಿಸುವ ಮಾತಲ್ಲ. ಅಗ್ಗದ ಮಾತ್ರೆ ತಾನೇ ಎಂದು ನೀವೇ ಕೊಡಲು ಹೋಗಬೇಡಿ: ಫೋಲಿಕ್ ಆಸಿಡ್ ಹೆಚ್ಚಾದರೆ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿದು ಫಿಟ್ಸ್ ಮರಳಬಹುದು. ನಿಮ್ಹಾನ್ಸ್ ಫೈಲೋ, ಜಿಲ್ಲಾಸ್ಪತ್ರೆ ಚೀಟಿಯೋ, ಯಾರು ಫಿಟ್ಸ್‌ಗೆ ನೋಡುತ್ತಿದ್ದಾರೋ ಅವರನ್ನೇ ಕೇಳಿ. ಬದಲಿ ಮಾತ್ರೆ ಹೊಂದುವುದಾದರೆ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸುವ ಕ್ರಮ ಅವರೇ ಬರೆದುಕೊಡುತ್ತಾರೆ. ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೋನಿಡಾಜೋಲ್ ಫೆನಿಟಾಯಿನ್ ಮಟ್ಟವನ್ನು ಏರಿಸಬಹುದು ಎಂಬುದೂ ಗಮನದಲ್ಲಿರಲಿ.

"ಕಿಡ್ನಿ ಕಸಿಯಾಗಿದೆ, ಒಸಡು ಮೆತ್ತಗೆ ಉಬ್ಬಿ ರಕ್ತ ಬರುತ್ತೆ"

ನೇರ ನೆಫ್ರಾಲಜಿಸ್ಟ್‌ಗೆ, ಅಂದರೆ ಕಿಡ್ನಿ ಡಾಕ್ಟರಿಗೆ, ಫೋನ್ ಮಾಡಿ. ಸೈಕ್ಲೋಸ್ಪೋರಿನ್ ಬದಲು ಟಾಕ್ರೋಲಿಮಸ್ ಹೊಂದಿದರೆ ಒಸಡಿನ ಕಾಟ ತುಂಬಾ ಕಡಿಮೆ. ಕಸಿಯಾದವರಿಗೆ ಬಿಪಿಗೆ ಆಮ್ಲೋಡಿಪಿನ್ ಅಥವಾ ನಿಫೆಡಿಪಿನ್ ಕೂಡ ಇರುವುದು ಸಾಮಾನ್ಯ, ಎರಡೂ ಸೇರಿದರೆ ಒಸಡಿನ ಮೇಲೆ ಭಾರ ಹೆಚ್ಚು.

ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮುಂಚೆಯೇ "ನಂದು ಕಸಿ ಕಿಡ್ನಿ" ಎಂದು ಹೇಳಿಬಿಡಿ. ಹಲ್ಲುನೋವಿಗೆ ಸಲೀಸಾಗಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಹೊಡೆತ. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ರಕ್ತದಲ್ಲಿ ಸೈಕ್ಲೋಸ್ಪೋರಿನ್ ಮಟ್ಟ ಏರಿಸುತ್ತವೆ. ಚಕ್ಕೋತವೂ ಅಷ್ಟೆ. ದೇವನಹಳ್ಳಿ ಕಡೆಯವರು ಮುನಿಸಿಕೊಂಡರೂ ಪರವಾಗಿಲ್ಲ, ಈ ಮಾತ್ರೆಯವರಿಗೆ ಆ ಹಣ್ಣು ಬೇಡ.

"ಒಂದೇ ಕಡೆ ಗಂಟು", "ಸುಸ್ತು, ಜ್ವರವೂ ಇದೆ"

ಇವು ಮಾತ್ರೆಯ ಲಕ್ಷಣಗಳಲ್ಲ, ಆದ್ದರಿಂದ ಕಾಯುವ ಪ್ರಶ್ನೆಯಿಲ್ಲ.

ಒಸಡು ಕೆಲವೇ ವಾರದಲ್ಲಿ ಊದಿ, ಮುಖ ಬಿಳಿಚಿಕೊಂಡು, ಪದೇ ಪದೇ ಜ್ವರ ಬಂದು, ಏಟು ಬೀಳದೆಯೇ ಮೈಮೇಲೆ ನೀಲಿ ಕಲೆ ಕಾಣಿಸಿದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಸಿಬಿಸಿ ಸಾಕು, ಸಣ್ಣ ಲ್ಯಾಬಿನಲ್ಲೂ ಆಗುತ್ತದೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದೇ ಒಸಡಿನಲ್ಲಿ. ಆ ವರದಿ ಬರುವ ಮುಂಚೆ ಯಾರಿಂದಲೂ ಒಸಡು ಕತ್ತರಿಸಿಕೊಳ್ಳಬೇಡಿ.

ಒಂದೇ ಹಲ್ಲಿನ ಪಕ್ಕ ನೋವಿನ ಊತ, ಒತ್ತಿದರೆ ಕೀವು, ಇದು ಬಾವು. ಕೆನ್ನೆಯೂ ಊದಿ ಬಾಯಿ ತೆರೆಯಲು, ಎಂಜಲು ನುಂಗಲು, ಉಸಿರಾಡಲು ಕಷ್ಟವಾದರೆ ರಾತ್ರಿಯಾಗಿದ್ದರೂ ದೊಡ್ಡಾಸ್ಪತ್ರೆಗೆ ಹೊರಡಿ. ಎಲೆ ಅಡಿಕೆ, ಗುಟ್ಕಾ, ಹೊಗೆಸೊಪ್ಪು ಅಭ್ಯಾಸವಿದ್ದವರಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಹೂಕೋಸಿನಂತೆ ಎದ್ದ ಗಂಟು ಕಂಡರೆ ಚೂರು ಮಾಂಸ ತೆಗೆದು ಪರೀಕ್ಷಿಸಲೇಬೇಕು. ಬಸುರಿಯರ ಒಸಡಿನ ಊತ, ಕೆಂಪು ಗಂಟು ಹೆಚ್ಚಿನಂಶ ಹೆರಿಗೆಯ ನಂತರ ತಾನೇ ಇಳಿಯುತ್ತದೆ. ಆದರೆ ಬಸುರಿನಲ್ಲಿ ಬಿಪಿಗೆ ನಿಫೆಡಿಪಿನ್ ಕೊಡುವುದೂ ಇರುವುದರಿಂದ ಶೀಟು ನೋಡುವುದು ಅಲ್ಲೂ ತಪ್ಪಿದ್ದಲ್ಲ. ಬಾಯಲ್ಲಿ ಉಸಿರಾಡುವ ಮಕ್ಕಳಿಗೆ ಮೇಲಿನ ಮುಂದಿನ ಒಸಡು ಮಾತ್ರ ಒಣಗಿ ಊದಿರುತ್ತದೆ, ಅದಕ್ಕೆ ಮೂಗಿನ ಡಾಕ್ಟರು.

"ಮಾತ್ರೆ ಬದಲಿಸಿ ತಿಂಗಳಾಯ್ತು, ಒಸಡು ಇನ್ನೂ ಹಾಗೇ ಇದೆ"

ತಾಳ್ಮೆ ಬೇಕು. ಕೆಲವರಿಗೆ ಕೆಲವೇ ವಾರದಲ್ಲಿ ಇಳಿಯುತ್ತದೆ, ಪೂರ್ತಿ ಇಳಿಯಲು ಆರು ತಿಂಗಳಿಂದ ಒಂದು ವರ್ಷವೂ ಹಿಡಿಯಬಹುದು. ಬಹಳ ಹಳೆಯ, ಗಟ್ಟಿಯಾದ ಒಸಡು ಅರ್ಧ ಇಳಿದು ನಿಂತುಬಿಡುವುದೂ ಇದೆ. ಮಾತ್ರೆ ಬದಲಿಸಲು ಆಗದವರು, ಬದಲಿಸಿದರೂ ಉಳಿದವರು ಶಸ್ತ್ರಚಿಕಿತ್ಸೆಗೆ ಹೋಗುತ್ತಾರೆ. ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೆಚ್ಚಾದ ಒಸಡನ್ನು ಚಾಕುವಿನಿಂದಲೋ ಲೇಸರ್‌ನಿಂದಲೋ ಕೆತ್ತುತ್ತಾರೆ. ಬಿಪಿ ಅಂದು ಹಿಡಿತದಲ್ಲಿರಬೇಕು, ಬೆಳಗಿನ ಮಾತ್ರೆ ನುಂಗಿಯೇ ಹೋಗಬೇಕು.

ಕೆತ್ತಿಸಿದ ಮೇಲೂ ಅದೇ ಮಾತ್ರೆ, ಅದೇ ಪಾಚಿ ಮುಂದುವರಿದರೆ ಮೂರರಿಂದ ಆರು ತಿಂಗಳಲ್ಲೇ ಮತ್ತೆ ಬೆಳೆಯಬಹುದು. ಅದಕ್ಕೇ ಮೂರು ತಿಂಗಳಿಗೊಮ್ಮೆ ಹಲ್ಲು ತೋರಿಸಿ ಅನ್ನುತ್ತಾರೆ.

ಆ ಅಜ್ಜಿಗೆ ಡಾಕ್ಟರು ಮಾತ್ರೆ ಬದಲಿಸಿದರು. ಹಲ್ಲು ಕ್ಲೀನ್ ಮಾಡಿಸಿದ್ದು ಮಾತ್ರ ಮೊಮ್ಮಗ ಹಟ ಹಿಡಿದ ಮೇಲೆ. ಐದನೇ ತಿಂಗಳ ಬಿಲ್ಲಿನಲ್ಲಿ ಬಿಪಿ ಮಾತ್ರೆಯ ಕೆಳಗೆ ಆ ಬಾಟಲಿ ಬ್ರಷ್ಷಿನ ಮರಿ ಇತ್ತು. ತುಟಿ ಎತ್ತಿ ತೋರಿಸಿದರು. ಕಾಳುಗಳು ಇಳಿದು ಗೋಧಿಯಷ್ಟಾಗಿದ್ದವು. "ಈ ಬ್ರಷ್ಷಿಗೆ ಇಷ್ಟೊಂದು ದುಡ್ಡೇನಪ್ಪಾ" ಅಂತ ಚೌಕಾಸಿ ಮಾಡಿಯೇ ಹೋದರು.